ಬಾಲ್ದಿಯವರು ಎಂಬ ಹೆಸರು

ಕೋಟಿನ ಮೇಲೆ ಚುಚ್ಚಿಕೊಳ್ಳುವ ಪುಟ್ಟದೊಂದು ಬಾಲ್ದಿ, ಅಂದರೆ ಬಕೆಟ್ಟು, ನನ್ನ ಮೇಜಿನ ಡ್ರಾಯರಿನಲ್ಲಿದೆ. ಹೆಬ್ಬೆರಳ ಉಗುರಿನಷ್ಟಿದೆ, ಚಿನ್ನದ ಬಣ್ಣ. ಒಳಗೆ ಟೊಳ್ಳಿಲ್ಲ, ಆದ್ದರಿಂದ ಒಂದು ಹನಿ ನೀರು ಸಹ ಹಿಡಿಸುವುದಿಲ್ಲ. ನಮ್ಮ ಕೂಟದ ಈಗಿನ ಅಧ್ಯಕ್ಷರು ಇದನ್ನು ಮಾಡಿಸಿ ಎಲ್ಲರಿಗೂ ಹಂಚಿದರು. ಎಲ್ಲರೂ ಹಾಕಿಕೊಂಡರು, ನಾನೂ ಹಾಕಿಕೊಂಡೆ. ಈಗ ಅದನ್ನು ಕಂಡರೆ ನನಗೆ ಹೇಸಿಗೆಯಾಗುತ್ತದೆ.

ನಮ್ಮದು ಕತಾರಿನಲ್ಲಿ ದುಡಿಯುವ ಕರಾವಳಿಯ ಪ್ರೊಟೆಸ್ಟಂಟ್ ಗಂಡಸರ ಸಣ್ಣ ಕೂಟ. ಊರಿನಲ್ಲಿ ಇದರ ಬೇರು ಹಳೆಯದು. ಇಲ್ಲಿಗೆ ಬಂದವರು ಅದನ್ನು ಜೊತೆಗೆ ತಂದರು. ಶುಕ್ರವಾರದ ಆರಾಧನೆಯ ಬಳಿಕ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಒಂದು ಪ್ರಾರ್ಥನೆ, ಒಂದು ಲೋಟ ಚಹಾ, ಕಾಯಿಲೆಯವರ ಸುದ್ದಿ, ಅಷ್ಟೇ. ಸದಸ್ಯರನ್ನು ಬಾಲ್ದಿಯವರು ಎನ್ನುತ್ತೇವೆ. ಹೊಸಬರಿಗೆ ಈ ಹೆಸರು ಕೇಳಿದರೆ ನಗು ಬರುತ್ತದೆ. ನಗು ಬರಲಿ ಎಂದೇ ಅದು ಹುಟ್ಟಿದ್ದು.

ನನ್ನ ಬಗ್ಗೆ ಹೇಳಬೇಕಾದದ್ದು ಎರಡೇ. ಒಂದು, ನಾನು ಮಿಷನ್ ಹಾಸ್ಟೆಲಿನಲ್ಲಿ ಬೆಳೆದವನು. ಅಲ್ಲಿ ಐದಕ್ಕೆ ಗಂಟೆ, ಐದೂಕಾಲಿಗೆ ಹೊದಿಕೆ ನಾಲ್ಕು ಮಡಿಕೆ, ಐದೂವರೆಗೆ ವಾರ್ಡನ್ ಮುಂದೆ ಉಗುರು ತೋರಿಸಬೇಕು. ಅರವತ್ತು ದಾಟಿದರೂ ನನ್ನ ಹೊದಿಕೆಗೆ ಇವತ್ತಿಗೂ ನಾಲ್ಕೇ ಮಡಿಕೆ. ಎರಡು, ಈಗ ಹಮದ್ ಬಂದರಿನಲ್ಲಿರುವ ಒಂದು ಗೋದಾಮಿನ ಕಂಪನಿಯಲ್ಲಿ ಹದಿನೆಂಟು ವರ್ಷದಿಂದ ಶಿಫ್ಟಿನ ಪಟ್ಟಿ ಹಾಕುವುದು ನನ್ನ ಕೆಲಸ. ಯಾರು ಯಾವ ಹೊತ್ತಿಗೆ ಎಲ್ಲಿರಬೇಕು ಎಂಬುದು ನನ್ನ ಕಾಗದದಲ್ಲಿರುತ್ತದೆ. ಕೂಟದ ಸರದಿ ಪಟ್ಟಿಯನ್ನು ಬರೆಯುವವನೂ ನಾನೇ. ಯಾರಾದರೂ ಮಲಗಿದರೆ ಅವರ ಬಳಿಗೆ ಬಾಲ್ದಿ ಹಿಡಿದು ಹೋಗುವ ಸರದಿ ಯಾರದು ಎಂದು ಅದರಲ್ಲಿ ನೋಡಬೇಕು. ಹೋಗಿ ಬಂದವರ ಹೆಸರಿನ ಮುಂದೆ ನಾನು ಟಿಕ್ ಹಾಕುತ್ತೇನೆ. ಪೆನ್ನಿನಲ್ಲಿ.

ವಾರ್ಷಿಕ ಊಟಕ್ಕೆ ಒಂದು ತಿಂಗಳಿರುವಾಗ ಅಧ್ಯಕ್ಷರು ಫೋನು ಮಾಡಿದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಎಂಜಿನಿಯರ್, ಮಾತು ಚುರುಕು.

"ಅಂಕಲ್, ಈ ಸಲ ಸ್ಮರಣ ಸಂಚಿಕೆ ತರ್ತಾ ಇದ್ದೇವೆ. ನಮ್ಮ ಹೆಸರು ಎಲ್ಲಿಂದ ಬಂತು, ಅದರ ಅರ್ಥ ಎಂತ, ಒಂದು ಪುಟ ನೀವು ಬರ್ಕೊಡ್ಬೇಕು. ನಿಮ್ಗೆ ಬಿಟ್ರೆ ಯಾರಿಗೂ ಸರಿ ಗೊತ್ತಿಲ್ಲ. ಊಟದ ದಿನ ಸ್ಟೇಜಿನಲ್ಲಿ ಓದ್ಲಿಕ್ಕೂ ನೀವೇ."

ಒಪ್ಪಿದೆ. ನನ್ನ ಅಜ್ಜ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದೆ. ಅದರ ಸಾರ ಇಷ್ಟು.

ಮಿಷನಿನ ನೇಯ್ಗೆ ಕಾರ್ಖಾನೆಯ ಹಿಂದೆ ಕೆಲಸಗಾರರ ಸಾಲುಮನೆಗಳಿದ್ದವು. ಎಲ್ಲರೂ ಹೊಸದಾಗಿ ಕ್ರೈಸ್ತರಾದವರು. ಭಾನುವಾರ ಒಂದೇ ಬೆಂಚಿನಲ್ಲಿ ಕೂತು ಒಂದೇ ಪುಸ್ತಕ ನೋಡಿ ಹಾಡುತ್ತಿದ್ದರು. ಮನೆಗೆ ಬಂದ ಮೇಲೆ ಹಳೆಯ ಜಾತಿ ಬಾಗಿಲಲ್ಲೇ ಕಾದಿರುತ್ತಿತ್ತು. ಇವರ ಕೊಡ ಅವರು ಮುಟ್ಟರು, ಅವರ ಮನೆಯ ಗಂಜಿ ಇವರು ಕುಡಿಯರು. ಒಂದು ಮಳೆಗಾಲದಲ್ಲಿ ಸಾಲುಮನೆಗಳಿಗೆ ವಾಂತಿಭೇದಿ ಬಂತು. ಬಿಟ್ಟು ಬಂದ ಕುಲದವರು ಇವರ ಹತ್ತಿರ ಸುಳಿಯಲಿಲ್ಲ, ಅದು ನಿರೀಕ್ಷಿಸಿದ್ದೇ. ಆದರೆ ಪಕ್ಕದ ಮನೆಯ ಸಹೋದರನೂ ಬರಲಿಲ್ಲ. ಪ್ರಾರ್ಥನೆಯನ್ನು ಅಂಗಳದಲ್ಲಿ ನಿಂತೇ ಮಾಡಿ ಹೋದರು. ಜನ ತಮ್ಮ ಮಲದಲ್ಲೇ ಮಲಗಿ ಸತ್ತರು.

ಆಗ ಆರು ಜನ ಒಂದು ಮಾತು ಮಾಡಿಕೊಂಡರು. ನೂಲಿಗೆ ಬಣ್ಣ ಹಾಕುವ ಮನೆಯಿಂದ ನೀಲಿ ಕದಡುವ ಬಾಲ್ದಿಯನ್ನು ತಂದರು. ಯಾರು ಮಲಗಿದ್ದಾರೋ ಅವರನ್ನು ತೊಳೆಯಬೇಕು, ತೊಳೆಯುವವನು ಬೇರೆ ಹಳೆಯ ಜಾತಿಯವನೇ ಆಗಿರಬೇಕು. ಇದೇ ನಿಯಮ. ನನ್ನ ಮುತ್ತಜ್ಜ ಆ ಆರರಲ್ಲಿ ಒಬ್ಬ. ಅವನಿಗೆ ಮೊದಲ ದಿನ ಮೂರು ಸಲ ವಾಂತಿಯಾಯಿತಂತೆ. ಬಾಲ್ದಿ ಹಿಡಿದು ಅವರು ಬರುವುದನ್ನು ಕಂಡರೆ ಸಭೆಯ ಒಳ್ಳೆಯ ಮನೆಯವರು ಮೂಗು ಮುಚ್ಚಿ, "ಬಾಲ್ದಿಯವರು ಬಂದರು" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಆ ಬೈಗುಳವನ್ನೇ ಆರು ಜನ ಹೆಸರಾಗಿ ಇಟ್ಟುಕೊಂಡರು. ಸೇರುವವನಿಗೆ ಇವತ್ತಿಗೂ ಒಂದೇ ಪ್ರಶ್ನೆ. ಕೈಗೆ ಬಾಲ್ದಿ ಕೊಟ್ಟು, "ಮೂಗು ಮುಚ್ಚುತ್ತೀಯಾ?" ಎಂದು ಕೇಳುತ್ತೇವೆ. "ಇಲ್ಲ" ಎನ್ನಬೇಕು.

ಪುಟ ಕಳಿಸಿದೆ. ಉತ್ತರ ಬರಲಿಲ್ಲ. ಊಟ ಒಂದು ಗುರುವಾರ ಸಂಜೆಗೆ ಗೊತ್ತಾಗಿತ್ತು.

ಆ ವಾರದ ಸೋಮವಾರ ನಮ್ಮಲ್ಲೊಬ್ಬ ಆಸ್ಪತ್ರೆಯಿಂದ ಅಲ್ ಖೋರಿನ ತನ್ನ ಕೋಣೆಗೆ ಬಂದ. ಅವನು ರಾಸ್ ಲಫಾನಿನ ಅನಿಲ ಸ್ಥಾವರಕ್ಕೆ ಕೆಲಸದವರನ್ನು ಕರೆದೊಯ್ಯುವ ಕಂಪನಿ ಬಸ್ಸಿನ ಡ್ರೈವರ್. ನನಗಿಂತ ಆರು ವರ್ಷ ಚಿಕ್ಕವನು, ಅದೇ ಹಾಸ್ಟೆಲಿನವನು. ಬಸ್ಸು ತೊಳೆಯುವಾಗ ಮೆಟ್ಟಿಲಿಂದ ಜಾರಿ ಬಿದ್ದಿದ್ದ. ಎಡಗಾಲಿಗೆ ತೊಡೆಯವರೆಗೆ ಪ್ಲಾಸ್ಟರ್, ಬಲಗೈಯ ಮಣಿಕಟ್ಟಿಗೂ ಪಟ್ಟಿ. ಶುಕ್ರವಾರ ಬೆಳಿಗ್ಗೆ ಊರಿಗೆ ವಿಮಾನ, ಕಾಲು ಚಾಚಲು ಆಗುವ ಸೀಟು ಸಿಕ್ಕಿತ್ತು. ಅಲ್ಲಿಯವರೆಗೆ ಪ್ಲಾಸ್ಟರ್ ಒದ್ದೆಯಾಗಬಾರದು, ಕೊಳೆಯಾಗಬಾರದು. ಹಾಗಾದರೆ ಬಿಚ್ಚಿ ಮತ್ತೆ ಹಾಕಬೇಕು, ಸೀಟು ಹೋಗುತ್ತದೆ.

ಮಂಗಳವಾರ ಬೆಳಿಗ್ಗೆ ಅವನ ಕೋಣೆಯ ಜೊತೆಗಾರ ನನಗೆ ಫೋನು ಮಾಡಿದ. ಕಾಸರಗೋಡಿನವನು, ಮೆಕ್ಯಾನಿಕ್, ನಮ್ಮ ಕೂಟದವನಲ್ಲ.

"ಸಾರ್, ಇವ್ರಿಗೆ ಮಾತ್ರೆ ಆಗಿ ಬರ್ಲಿಲ್ಲ. ರಾತ್ರಿಯಿಂದ ಹೊಟ್ಟೆ ಸರಿ ಇಲ್ಲ. ಏಳ್ಲಿಕ್ಕೆ ಆಗುದಿಲ್ಲ, ಎಲ್ಲ ಹಾಸಿಗೆಯಲ್ಲೇ. ನಾನು ಕ್ಲೀನ್ ಮಾಡ್ತೇನೆ ಅಂದ್ರೆ ಬಿಡುದಿಲ್ಲ. 'ನೀನು ಮುಟ್ಬೇಡ, ನಮ್ಮವ್ರು ಬರ್ತಾರೆ' ಅಂತಾರೆ. ಯಾರು ಬರುದು ಸಾರ್? ನನಗೆ ಡ್ಯೂಟಿ ಉಂಟು."

ಪಟ್ಟಿ ನೋಡಿದೆ. ಸರದಿ ಅಧ್ಯಕ್ಷರದು. ಫೋನು ಮಾಡಿದೆ.

"ಹೌದಾ? ಪಾಪ! ಇವತ್ತೇ ಹೋಗ್ತೇನೆ ಅಂಕಲ್. ನೀವು ಟೆನ್ಶನ್ ಮಾಡ್ಬೇಡಿ, ಖಲಾಸ್."

ಸಂಜೆ ಆರಕ್ಕೆ ಕೂಟದ ವಾಟ್ಸಾಪ್ ಗುಂಪಿಗೆ ಫೋಟೋ ಬಂತು. ಡ್ರೈವರ್ ಕುತ್ತಿಗೆಯವರೆಗೆ ಕಂಬಳಿ ಹೊದ್ದು ಮಲಗಿದ್ದಾನೆ. ಪಕ್ಕದಲ್ಲಿ ಅಧ್ಯಕ್ಷರು ನಿಂತಿದ್ದಾರೆ, ಕೋಟಿನ ಮೇಲೆ ಪುಟ್ಟ ಬಾಲ್ದಿ, ಒಂದು ಕೈಯಲ್ಲಿ ಸೆಲ್ಲೋಫೇನ್ ಸುತ್ತಿದ ಹಣ್ಣಿನ ಬುಟ್ಟಿ, ಇನ್ನೊಂದು ಕೈಯಲ್ಲಿ ಕರವಸ್ತ್ರ. ಕೆಳಗೆ ಇಪ್ಪತ್ತು ಜನ ಕೈಮುಗಿದ ಚಿತ್ರ ಹಾಕಿದರು. ನಾನು ಕರವಸ್ತ್ರವನ್ನು ನೋಡಿದೆ. ಅದು ಮುಖದಿಂದ ಆಗಷ್ಟೇ ಕೆಳಗಿಳಿದದ್ದು ಎಂದು ಯಾರಿಗಾದರೂ ತಿಳಿಯುವಂತಿತ್ತು. ಹಾಸಿಗೆಯ ಹತ್ತಿರ ಬಾಲ್ದಿ ಇರಲಿಲ್ಲ, ಅದನ್ನೂ ನೋಡಿದೆ. ಆಮೇಲೆ ಪಟ್ಟಿ ತೆಗೆದು ಟಿಕ್ ಹಾಕಿದೆ. ಆರೂಕಾಲಿಗೆ ನನ್ನ ನಡಿಗೆಯ ಹೊತ್ತು. ಅಲ್ ವುಕೈರಿನ ನಮ್ಮ ಕಟ್ಟಡದ ಸುತ್ತ ನಾಲ್ಕು ಸುತ್ತು ನಡೆದು ಬಂದೆ.

ಬುಧವಾರ ಬೆಳಿಗ್ಗೆ ಜೊತೆಗಾರನಿಂದ ಮತ್ತೆ ಫೋನು ಬಂತು.

"ಸಾರ್, ಯಾರೂ..."

"ನಿನ್ನೆ ಬಂದಿದ್ದರಲ್ಲ?"

"ಬಂದ್ರು ಸಾರ್, ಆದ್ರೆ..."

"ಪಟ್ಟಿಯಲ್ಲಿ ಆಗಿದೆ ಅಂತ ಉಂಟು," ಎಂದೆ. "ಮುಂದಿನ ಸರದಿ ನಾಳೆ. ಅವರಿಗೆ ತಿಳಿಸುತ್ತೇನೆ." ಗೋದಾಮಿನಲ್ಲಿ ಹಡಗಿನ ಕೆಲಸ ಇತ್ತು, ಫೋನು ಇಟ್ಟೆ. ಈ ಮಾತನ್ನು ನಾನು ಹೇಳಿದ್ದು ಹೌದು. ಇದನ್ನು ಬರೆಯುವಾಗ ಬೇರೆ ಯಾರ ಮೇಲಿನದಕ್ಕಿಂತ ಹೆಚ್ಚು ಹೇಸಿಗೆ ನನಗೆ ಆ ವಾಕ್ಯದ ಮೇಲೆ.

ಅಂದು ಸಂಜೆ ಸಮಿತಿಯ ಸಭೆ ಅಧ್ಯಕ್ಷರ ಮನೆಯಲ್ಲಿ. ಅವರ ಪತ್ನಿ ಬಿಸಿಯಾದ ನೀರುದೋಸೆ ಮಾಡಿದ್ದರು. ಅಚ್ಚಾದ ಸಂಚಿಕೆಯ ಕಟ್ಟು ಮೇಜಿನ ಮೇಲಿತ್ತು. ನನ್ನ ಪುಟ ತೆರೆದೆ. ನನ್ನ ಹೆಸರಿತ್ತು, ಫೋಟೋ ಇತ್ತು, ಆದರೆ ಬರಹ ನನ್ನದಲ್ಲ. ಬಾಲ್ದಿ ಎಂದರೆ ಬಾವಿಯಿಂದ ಜೀವಜಲ ಸೇದುವ ಪಾತ್ರೆಯಂತೆ. ಬಾಯಾರಿದ ಲೋಕಕ್ಕೆ ಭರವಸೆಯ ನೀರು ಹನಿಸುವವನೇ ಬಾಲ್ದಿಯವನಂತೆ. ಆರು ಜನ ಗಣ್ಯ ಹಿರಿಯರು ಮುಂಜಾನೆಯ ಧ್ಯಾನದಲ್ಲಿ ಆ ದರ್ಶನ ಪಡೆದರಂತೆ. ವಾಂತಿಭೇದಿ ಇಲ್ಲ, ಜಾತಿ ಇಲ್ಲ, ಮುಚ್ಚಿದ ಬಾಗಿಲುಗಳಿಲ್ಲ.

"ಇದನ್ನು ಯಾರು ಬರೆದದ್ದು?" ಎಂದೆ.

"ನೀವು ಬರ್ದದ್ದನ್ನೇ ಸ್ವಲ್ಪ ಪಾಲಿಶ್ ಮಾಡಿದ್ದು ಅಂಕಲ್." ಅಧ್ಯಕ್ಷರು ನಕ್ಕರು. "ಮೊಬೈಲಿಗೆ ಹೇಳಿದ್ರೆ ಎರಡು ಮಿನಿಟಲ್ಲಿ ಮಾಡಿ ಕೊಡ್ತದೆ."

"ನನ್ನ ಮುತ್ತಜ್ಜ ದರ್ಶನ ಪಡೆಯಲಿಲ್ಲ. ವಾಂತಿ ಮಾಡಿಕೊಂಡ."

ನಮ್ಮ ಖಜಾಂಚಿ ದೋಸೆಯ ತಟ್ಟೆಯನ್ನು ಸ್ವಲ್ಪ ದೂರ ಸರಿಸಿದರು. "ಎಂತ ಮಾರಾಯ್ರೇ ನೀವು, ತಿನ್ನುವಾಗ!"

"ನೋಡಿ ಅಂಕಲ್," ಅಧ್ಯಕ್ಷರ ದನಿ ಮೆತ್ತಗಾಯಿತು. "ನಾಳೆ ಊಟಕ್ಕೆ ಹೊರಗಿನವ್ರು ಬರ್ತಾರೆ, ನಮ್ಮ ಮಕ್ಕಳು ಇರ್ತಾರೆ. ಅವ್ರಿಗೆ ಜಾತಿ ಅಂದ್ರೆ ಎಂತ ಅಂತ್ಲೇ ಗೊತ್ತಿಲ್ಲ. ಮಲ, ಮೂತ್ರ, ಯಾವ ಜಾತಿಯವ ಯಾರನ್ನು ತೊಳೆದ... ಇದೆಲ್ಲ ಯಾಕೆ ಬೇಕು? ಹೆಸರಿಗೆ ಒಂದು ಗೌರವ ಬೇಡ್ವಾ?"

"ನಿನ್ನೆ ನೀವು ಡ್ರೈವರನ್ನು ತೊಳೆದಿರಾ?"

ಅವರ ಪತ್ನಿ ಒಳಗೆ ಹೋದರು.

"ನನ್ನಿಂದ ಆಗ್ಲಿಲ್ಲ ಅಂಕಲ್," ಎಂದರು ಅಧ್ಯಕ್ಷರು. ಸುಳ್ಳು ಹೇಳಲಿಲ್ಲ, ಅದನ್ನು ಒಪ್ಪಬೇಕು. "ಬಾಗಿಲಿಗೆ ಹೋಗುವಾಗ್ಲೇ ತಲೆ ತಿರುಗಿತು. ನನ್ನ ಮಗಳ ಡಯಾಪರ್ ಕೂಡ ನಾನು ಒಂದಿನ ತೆಗೆದವನಲ್ಲ. ಒಬ್ಬ ನರ್ಸನ್ನು ಕಳಿಸುವ ಅಂತ ಇದ್ದೆ. ಊಟದ ಕೆಲ್ಸದಲ್ಲಿ ಮರ್ತುಹೋಯ್ತು. ನಿಮ್ಗೆ ಫೋಟೋ ನೋಡಿ ಗೊತ್ತಾಗ್ಲಿಲ್ವಾ?"

ಗೊತ್ತಾಗಿತ್ತು ಎಂದು ನಾನು ಹೇಳಲಿಲ್ಲ. ನೀರುದೋಸೆ ಮುಗಿಸದೆ ಎದ್ದೆ. ಆದರೆ ಅಂದು ನಾನು ಅಲ್ ಖೋರಿಗೆ ಹೋಗಲಿಲ್ಲ. ಎಂಟು ದಾಟಿತ್ತು, ನನ್ನ ಊಟದ ಹೊತ್ತು ಮೀರಿತ್ತು, ಗುರುವಾರದ ಸರದಿಯವನಿಗೆ ಹೇಳಿದರಾಯಿತು ಎಂದುಕೊಂಡೆ. ಅವನಿಗೆ ಫೋನು ಮಾಡಿದರೆ ಅವನು ಸಭಾಂಗಣದ ಅಲಂಕಾರದಲ್ಲಿದ್ದ. ನಾಳೆಯೂ ಬಿಡುವಿಲ್ಲ ಎಂದ, ಬಾಲ್ದಿಯ ಆಕಾರದ ಕೇಕು ಬರುವುದಿತ್ತಂತೆ.

ಗುರುವಾರ ಬೆಳಿಗ್ಗೆ ಐದಕ್ಕೆ ಎದ್ದೆ. ಹೊದಿಕೆ ಮಡಿಸುತ್ತಿದ್ದಾಗ ನಾಲ್ಕನೆಯ ಮಡಿಕೆಗೆ ಕೈ ನಿಂತಿತು. ಹಾಸಿಗೆ ಇಷ್ಟು ಸ್ವಚ್ಛವಾಗಿರುವುದು ಅಸಹ್ಯವೆನಿಸಿತು. ಹೊದಿಕೆಯನ್ನು ಹಾಗೆಯೇ ಬಿಟ್ಟೆ. ಕೆಲಸಕ್ಕೆ ರಜೆ ಹೇಳಿದೆ, ಮೊದಲೇ ಅರ್ಜಿ ಕೊಡದೆ ರಜೆ ಹಾಕಿದ್ದು ಹದಿನೆಂಟು ವರ್ಷಗಳಲ್ಲಿ ಅದೇ ಮೊದಲು. ಬಚ್ಚಲಿನಿಂದ ನನ್ನ ಪ್ಲಾಸ್ಟಿಕ್ ಬಾಲ್ದಿ, ಹಳೆಯ ಪಂಚೆ ಹರಿದ ತುಂಡುಗಳು, ಸಾಬೂನು, ಎರಡು ಹೊಸ ಬೆಡ್‌ಶೀಟ್, ಪ್ಲಾಸ್ಟರಿಗೆ ಸುತ್ತಲು ದೊಡ್ಡ ಕಸದ ಚೀಲ. ಇನ್ನೊಂದನ್ನೂ ತೆಗೆದುಕೊಂಡೆ: ಮೂಗು ಬಾಯಿ ಮುಚ್ಚುವ ಮಾಸ್ಕು. ಎರಡು.

ಉತ್ತರಕ್ಕೆ ಒಂದು ಗಂಟೆಯ ದಾರಿ. ಕೋಣೆಯ ಬಾಗಿಲು ತೆರೆದದ್ದು ಜೊತೆಗಾರ. ಡ್ರೈವರನನ್ನು ನೋಡಿಕೊಳ್ಳಲು ಒಂದು ದಿನದ ಡ್ಯೂಟಿ ಬಿಟ್ಟಿದ್ದನೆಂದು ಆಮೇಲೆ ತಿಳಿಯಿತು.

"ಬಂದ್ರಾ," ಎಂದ. ನನ್ನ ಕೈಯಿಂದ ಬಾಲ್ದಿ ತೆಗೆದುಕೊಂಡು ಬಿಸಿನೀರು ಹಿಡಿಯಲು ಹೋದ.

ಎರಡು ಮಾಸ್ಕಿನ ಹಿಂದಿನಿಂದಲೂ ವಾಸನೆ ನನ್ನನ್ನು ಹಿಡಿಯಿತು. ಏ.ಸಿ. ಓಡುತ್ತಿತ್ತು, ಕಿಟಕಿ ತೆರೆಯುವಂತಿರಲಿಲ್ಲ. ಮೂಲೆಯಲ್ಲಿ ಹಣ್ಣಿನ ಬುಟ್ಟಿ, ಸೆಲ್ಲೋಫೇನ್ ಬಿಚ್ಚದೆಯೇ ಇತ್ತು. ಒಳಗೆ ಬಾಳೆಹಣ್ಣು ಕಪ್ಪಾಗಿತ್ತು. ಡ್ರೈವರ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ತಿರುಗಿ ನನ್ನನ್ನು ನೋಡಿದ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿತ್ತು. ನೋಡಿಯೇ ನೋಡಿದ. ಆಮೇಲೆ ಕೇಳಿದ, ನಾವು ಸೇರುವಾಗ ಕೇಳುವ ಅದೇ ಪ್ರಶ್ನೆ, ಬಹುವಚನದಲ್ಲಿ:

"ಮೂಗು ಮುಚ್ತೀರಾ, ಅಣ್ಣ?"

ಮಾಸ್ಕು ತೆಗೆದೆ. ಎರಡನ್ನೂ. ಒಂದು ಉಸಿರು ಎಳೆದೆ, ಬಚ್ಚಲಿಗೆ ಓಡಿದೆ, ಬೆಳಗಿನ ಚಹಾ ಪೂರ್ತಿ ಹೊರಗೆ ಬಂತು. ಬಾಯಿ ತೊಳೆದು ಹಿಂದೆ ಬಂದೆ.

"ಒಂದು ಸಲ," ಎಂದ ಅವನು. "ನಿಮ್ಮ ಮುತ್ತಜ್ಜನಿಗೆ ಮೂರು ಸಲ ಅಲ್ವಾ? ನೀವು ಪರ್ವಾಗಿಲ್ಲ."

"ಸುಮ್ಮನಿರು ಮಾರಾಯ. ಇವನಿಗೆ ಯಾಕೆ ಬಿಡಲಿಲ್ಲ ನೀನು?" ಜೊತೆಗಾರನನ್ನು ತೋರಿಸಿ ಗದರಿದೆ. "ಎರಡು ದಿನ ಹೀಗೆ ಮಲಗುವುದಾ? ಬುದ್ಧಿ ಇಲ್ಲವಾ?"

"ನಮ್ಮವ್ರು ಬರ್ತಾರೆ ಅಂತ ಹೇಳಿ ಆಗಿತ್ತಲ್ಲ ಅಣ್ಣ, ಇವನ ಹತ್ರ. ಮೊದಲ ದಿನವೇ, ದೊಡ್ಡದಾಗಿ, ಕಥೆ ಸಮೇತ. ಆರು ಜನ, ನೀಲಿ ಬಾಲ್ದಿ, ಎಲ್ಲ. ಮತ್ತೆ ಇವನೇ ತೊಳೆದ್ರೆ ನನ್ನ ಮರ್ಯಾದೆ ಎಲ್ಲಿಗೆ ಹೋಗ್ಬೇಕು?" ಮೂಲೆಯ ಹಣ್ಣಿನ ಬುಟ್ಟಿಯ ಕಡೆ ನೋಡಿದ. "ಅವ್ರು ಮಂಗಳವಾರ ಬಂದಾಗ ಇವನ ಕೈಗೆ ಫೋನು ಕೊಟ್ಟು, ನನ್ನ ಪಕ್ಕ ಒಂದು ನಿಮಿಷ ನಿಂತು, 'ಬ್ರದರ್, ನಗಿ' ಅಂದ್ರು. ನಾನು ನಕ್ಕೆ. ಫೋಟೋ ಚಂದ ಬಂದಿದ್ಯಾ?"

ನಾನು ಕಸದ ಚೀಲ ಬಿಡಿಸಿದೆ.

ಮೊದಲು ಕಾಲಿಗೆ ಚೀಲ ಸುತ್ತಿ ಮೇಲೆ ಅಂಟುಪಟ್ಟಿ ಹಾಕಿದೆವು. ಪ್ಲಾಸ್ಟರಿನ ಮೇಲಿನ ಅಂಚು ಎರಡು ಬೆರಳಿನಷ್ಟು ಕೊಳೆಯಾಗಿತ್ತು, ಅದೃಷ್ಟಕ್ಕೆ ಒಳಗೆ ಇಳಿದಿರಲಿಲ್ಲ. ಜೊತೆಗಾರ ಅವನನ್ನು ಒಂದು ಪಕ್ಕಕ್ಕೆ ಎತ್ತಿ ಹಿಡಿದ. ನಾನು ತೊಳೆದೆ. ಒಣಗಿದ್ದು ಒಂದೇ ಸಲಕ್ಕೆ ಬಿಡುವುದಿಲ್ಲ, ಒದ್ದೆ ಬಟ್ಟೆ ಹಾಕಿ ಕಾಯಬೇಕು, ಇಲ್ಲದಿದ್ದರೆ ಚರ್ಮ ಬರುತ್ತದೆ. ಸೊಂಟದ ಹತ್ತಿರ ಒಂದು ಕಡೆ ಆಗಲೇ ಕೆಂಪಾಗಿ ಕಿತ್ತಿತ್ತು. ಅಲ್ಲಿ ಮುಟ್ಟಿದಾಗ ಅವನು ಹಲ್ಲು ಕಚ್ಚಿದ. ಬಾಲ್ದಿಯ ನೀರು ಐದು ಸಲ ಬದಲಾಯಿತು. ಹೇಸಿಗೆ ಕೆಲಸ ಮಾಡುತ್ತ ಹೋದ ಹಾಗೆ ಕಡಿಮೆಯಾಗುತ್ತದೆ ಎಂದು ಅಜ್ಜ ಹೇಳುತ್ತಿದ್ದರು. ನನಗೆ ಕಡಿಮೆಯಾಗಲಿಲ್ಲ. ಕೊನೆಯವರೆಗೂ ಅಷ್ಟೇ ಇತ್ತು. ಅದನ್ನು ಇಟ್ಟುಕೊಂಡೇ ಕೈ ಕೆಲಸ ಮಾಡಿತು.

ಅವನ ಅಜ್ಜಂದಿರೂ ನನ್ನ ಅಜ್ಜಂದಿರೂ ಒಂದೇ ಬಾವಿಯ ನೀರು ಕುಡಿದವರಲ್ಲ. ಅವರು ಯಾರು, ನಾವು ಯಾರು ಎಂದು ನಮಗಿಬ್ಬರಿಗೂ ಗೊತ್ತು. ಹಾಸ್ಟೆಲಿನಲ್ಲೂ ಎಲ್ಲರಿಗೂ ಗೊತ್ತಿತ್ತು. ಅದರ ಬಗ್ಗೆ ಇಬ್ಬರೂ ಮಾತಾಡಲಿಲ್ಲ. ಇಷ್ಟೆಲ್ಲ ನೋಡುತ್ತಿದ್ದ ಜೊತೆಗಾರ ಮಾತ್ರ ಕೊಳೆ ಬೆಡ್‌ಶೀಟನ್ನು ಚೀಲಕ್ಕೆ ತುರುಕುತ್ತ ಕೇಳಿದ:

"ಸಾರ್, ನಿಮ್ಮ ಈ ಸಂಘಕ್ಕೆ ಬೇರೆಯವ್ರು ಸೇರ್ಲಿಕ್ಕೆ ಆಗ್ತದಾ? ನಾನು ನಮಾಜು ಮಾಡುವವ."

"ನಿನ್ನನ್ನು ಅಧ್ಯಕ್ಷ ಮಾಡ್ಬೇಕು," ಎಂದ ಡ್ರೈವರ್, ಕಣ್ಣು ಮುಚ್ಚಿಯೇ. ಮೂವರೂ ನಕ್ಕೆವು, ಅವನಿಗೆ ನಗುವಾಗ ನೋವಾಯಿತು.

ಸಂಜೆ ಏಳಕ್ಕೆ ಸಭಾಂಗಣದಿಂದ ಅಧ್ಯಕ್ಷರ ಫೋನು ಬಂತು. ಡ್ರೈವರನಿಗೆ ಗಂಜಿ ಕುಡಿಸುತ್ತಿದ್ದೆ.

"ಅಂಕಲ್, ಎಲ್ಲಿದ್ದೀರಿ? ನಿಮ್ಮ ಪುಟ ಓದುವ ಹೊತ್ತಾಯ್ತು. ಎಲ್ಲ ಕಾಯ್ತಾ ಇದ್ದಾರೆ."

"ಅದು ನನ್ನ ಪುಟ ಅಲ್ಲ. ಮೊಬೈಲಿಗೇ ಓದಲು ಹೇಳಿ."

"ಹಾಗೆ ಕೋಪ ಮಾಡ್ಬೇಡಿ ಅಂಕಲ್, ಹೆಸರಿನ ಪ್ರಶ್ನೆ."

"ಹೌದು, ಹೆಸರಿನ ಪ್ರಶ್ನೆಯೇ. ನಾನು ಅಲ್ ಖೋರಿನಲ್ಲಿದ್ದೇನೆ. ಇಲ್ಲಿ ಕೆಲಸ ಮುಗಿದಿಲ್ಲ."

ಅವರ ಹಿಂದೆ ಮೈಕು ಪರೀಕ್ಷಿಸುವ ಸದ್ದು ಕೇಳುತ್ತಿತ್ತು. ಫೋನು ಇಟ್ಟರು.

ಶುಕ್ರವಾರ ಬೆಳಿಗ್ಗೆ ಅವನನ್ನು ಗಾಲಿಕುರ್ಚಿಯಲ್ಲಿ ವಿಮಾನ ನಿಲ್ದಾಣದ ಒಳಗೆ ಬಿಟ್ಟೆವು. ಬಿಳಿ ಅಂಗಿ ಹಾಕಿದ್ದ, ಪ್ಲಾಸ್ಟರಿನ ಅಂಚಿಗೆ ಹೊಸ ಹತ್ತಿ ಕಟ್ಟಿದ್ದೆವು. ಅಂಗಿಗೆ ಅವನು ಚಿನ್ನದ ಬಾಲ್ದಿಯನ್ನು ಚುಚ್ಚಿಕೊಂಡಿರಲಿಲ್ಲ. ಎಲ್ಲಿ ಎಂದು ಕೇಳಿದೆ. ಹಣ್ಣಿನ ಬುಟ್ಟಿಯಲ್ಲೇ ಹಾಕಿ ಬಿಸಾಡಿಸಿದೆ ಎಂದ. ಅವನ ಮುಖದಲ್ಲಿ ಕೋಪ ಇರಲಿಲ್ಲ, ಊರಿಗೆ ಹೋಗುವವನ ಅವಸರ ಮಾತ್ರ ಇತ್ತು.

ಮನೆಗೆ ಬಂದು ಸರದಿ ಪಟ್ಟಿ ತೆಗೆದೆ. ಮಂಗಳವಾರದ ಮುಂದೆ ನನ್ನ ಟಿಕ್, ನೀಲಿ ಶಾಯಿ. ಗೋದಾಮಿನಲ್ಲಿ ನಾವು ತಪ್ಪು ನಮೂದನ್ನು ಉಜ್ಜುವುದಿಲ್ಲ, ಬಿಳಿ ಬಳಿಯುವುದಿಲ್ಲ. ತಪ್ಪು ಓದಲು ಸಿಗುವಂತೆ ಅದರ ಮೇಲೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕುತ್ತೇವೆ. ಹಾಗೆಯೇ ಮಾಡಿದೆ. ಸಹಿಯ ಕೆಳಗೆ ಬರೆದೆ: ಮಂಗಳವಾರ ಯಾರೂ ತೊಳೆಯಲಿಲ್ಲ. ಟಿಕ್ ಹಾಕಿದವನು ಫೋಟೋ ನೋಡಿ ಹಾಕಿದ. ಬುಧವಾರ ಯಾರೂ ತೊಳೆಯಲಿಲ್ಲ. ಟಿಕ್ ಹಾಕಿದವನಿಗೆ ಅದು ಗೊತ್ತಿತ್ತು. ಗುರುವಾರ ತೊಳೆಯಲಾಯಿತು.

ಅದರ ಫೋಟೋ ತೆಗೆದು ಗುಂಪಿಗೆ ಹಾಕಿದೆ. ಯಾರೂ ಕೈಮುಗಿದ ಚಿತ್ರ ಹಾಕಲಿಲ್ಲ. ಆಮೇಲೆ ಬಾಲ್ದಿಯನ್ನು ಬಿಸಿನೀರಿನಲ್ಲಿ ಎರಡು ಸಲ ಉಜ್ಜಿ, ಬಚ್ಚಲಿನಲ್ಲಿ ಅದರ ಜಾಗದಲ್ಲಿ ಕವುಚಿ ಇಟ್ಟೆ.